ಬೀಗರ ಪದಕ್ಕೆ ಪೆಡಲ್ ಬೇಕೇ?

ಬೀಗರನ್ನು ಬೈಯುವುದರಲ್ಲಿ ನಮ್ಮ ಮನೆಯವರನ್ನು ಮೀರಿಸಿದವರು ದಾವಣಗೆರೆಯಲ್ಲಿ ಇಲ್ಲ. ಇದನ್ನು ನಾನು ಜಂಬದಿಂದಲೇ ಹೇಳುತ್ತಿದ್ದೇನೆ. ಬೈಯುವುದೆಂದರೆ ಜಗಳವಲ್ಲ, ಹಾಡಿನಲ್ಲಿ ಬೈಯುವುದು. ಮದುವೆ ಮುಗಿದು ಗಂಡಿನ ಕಡೆಯವರು ಊಟಕ್ಕೆ ಕುಳಿತಾಗ ಹೆಣ್ಣಿನ ಕಡೆಯ ಹೆಂಗಸರು ಅವರ ಮುಂದೆ ನಿಂತು ಅವರ ಮೀಸೆ, ಹೊಟ್ಟೆ, ಜಿಪುಣತನ, ತಂದ ಸೀರೆಯ ಬಣ್ಣ ಒಂದನ್ನೂ ಬಿಡದೆ ಹಾಡಿ ಗೇಲಿ ಮಾಡುತ್ತಾರೆ. ನಾವು ಅದಕ್ಕೆ ಬೀಗರ ಪದ ಎನ್ನುತ್ತೇವೆ. ಬೈಸಿಕೊಂಡವರು ಸುಮ್ಮನೆ ಉಂಡು ಕೈತೊಳೆದರೆ ಹಾಡಿದವರಿಗೆ ಅವಮಾನ. ಅವರಲ್ಲಿ ಯಾರಾದರೂ ಎದ್ದು ತಿರುಗಿ ಬೈದರೆ ಮಾತ್ರ ಪದ ಮುಟ್ಟಿತು ಎಂದು ಲೆಕ್ಕ.

ಈ ವಿದ್ಯೆ ನಮ್ಮಲ್ಲಿ ಈಗ ಉಳಿದಿರುವುದು ದೊಡ್ಡಮ್ಮನೊಬ್ಬಳಲ್ಲಿ. ಅವಳು ನನ್ನ ಅಮ್ಮನ ಅಕ್ಕ. ಆನೆಕೊಂಡದಲ್ಲಿ ಮನೆ, ಎಪ್ಪತ್ತು ದಾಟಿದ ವಯಸ್ಸು, ಸಣ್ಣ ದನಿ, ಚೂರಿಯಂಥ ನಾಲಿಗೆ. ಮೊದಲೇ ಕಟ್ಟಿಕೊಂಡು ಬರುವ ಅಭ್ಯಾಸ ಅವಳಿಗಿಲ್ಲ. ಬೀಗರ ಮುಖ ನೋಡುತ್ತಾಳೆ, ಅಲ್ಲೇ ಕಟ್ಟುತ್ತಾಳೆ. ನಾನು ಚಿಕ್ಕವಳಿದ್ದಾಗ ಅವಳ ಒಂದು ನುಡಿಗೆ ನಕ್ಕು ನಕ್ಕು ಬೀಗರೊಬ್ಬರ ಮೂಗಿನಿಂದ ಮಜ್ಜಿಗೆ ಬಂದದ್ದನ್ನು ಕಣ್ಣಾರೆ ಕಂಡಿದ್ದೇನೆ.

ಆದರೆ ಕೆಲವು ವರ್ಷಗಳ ಹಿಂದೆ ನೆಂಟರ ಹುಡುಗಿಯೊಬ್ಬಳ ಮದುವೆಯಲ್ಲಿ ಅವಳು ಹಾಡಲು ನಿಂತಾಗ ಪಕ್ಕದಲ್ಲೇ ದೊಡ್ಡ ಸ್ಪೀಕರಿನಲ್ಲಿ ಕುಣಿತದ ಹಾಡು ಶುರುವಾಯಿತು. ದೊಡ್ಡಮ್ಮನ ಬಾಯಿ ಆಡುತ್ತಿತ್ತು, ಮಾತು ಯಾರಿಗೂ ಕೇಳಲಿಲ್ಲ. ಬೀಗರು ಫೋನು ನೋಡುತ್ತಾ ಉಂಡರು. ಒಬ್ಬ ಮಹಾನುಭಾವ ಅವಳನ್ನು ಬಡಿಸುವವಳೆಂದು ತಿಳಿದು ಸಾಂಬಾರು ಕೇಳಿದ. ಅವತ್ತು ಅವಳು, "ನಂದು ಮುಗೀತವ್ವ, ಇನ್ನ ನಾ ಹಾಡಂಗಿಲ್ಲ" ಎಂದಳು. ಆಮೇಲಿನ ಮದುವೆಗಳಲ್ಲಿ ಬಾಯಿತುಂಬ ಎಲೆಯಡಿಕೆ ಹಾಕಿಕೊಂಡು ಮೂಲೆಯಲ್ಲಿ ಕುಳಿತಳು. ನನಗೆ ಅದನ್ನು ನೋಡಲಾಗುತ್ತಿರಲಿಲ್ಲ.

ಹೀಗಿರುವಾಗ ನನ್ನ ತಮ್ಮನ ಮಗಳಿಗೆ ಗುತ್ತೂರಿನ ಗಂಡು ಗೊತ್ತಾಯಿತು. ಹರಿಹರದ ಕಲ್ಯಾಣ ಮಂಟಪದಲ್ಲಿ ಮದುವೆ. ದೊಡ್ಡಮ್ಮನನ್ನು ಮತ್ತೆ ಹಾಡಿಸಲೇಬೇಕೆಂದು ನಾನು ಗಿಟಾರನ್ನು ಬೆನ್ನಿಗೆ ಹಾಕಿಕೊಂಡು ಸ್ಕೂಟರಿನಲ್ಲಿ ಆನೆಕೊಂಡಕ್ಕೆ ಹೋದೆ.

ಗಿಟಾರಿನ ವಿಷಯ ಹೇಳಬೇಕು. ನಾನು ಹೈಸ್ಕೂಲಿನ ಗಣಿತದ ಮೇಷ್ಟ್ರಮ್ಮ. ನಲವತ್ತು ದಾಟಿದ ಮೇಲೆ ಗಿಟಾರು ಹಿಡಿದೆ. ಈ ವಯಸ್ಸಿನಲ್ಲಿ ಇದೆಲ್ಲ ಯಾಕ್ರಿ ಎಂದವರಿಗೆಲ್ಲ ತಂತಿ ಒತ್ತಿ ಜಡ್ಡುಗಟ್ಟಿದ ಬೆರಳ ತುದಿ ತೋರಿಸಿ ಬಾಯಿ ಮುಚ್ಚಿಸಿದ್ದೇನೆ. ಒಂದು ಮರದ ಗಿಟಾರು, ಒಂದು ಕೇಬಲ್ಲು, ದನಿ ಏರಿಸಲು ಟಿಫಿನ್ ಕ್ಯಾರಿಯರಿಗಿಂತ ತುಸು ದೊಡ್ಡದಾದ ಒಂದು ಆಂಪ್. ಇಷ್ಟೇ ನನ್ನ ಸಂಸಾರ, ಇಷ್ಟರಲ್ಲೇ ನಾನು ಸುಖವಾಗಿದ್ದೆ.

ದೊಡ್ಡಮ್ಮ ಕಟ್ಟೆಯ ಮೇಲೆ ಕುಳಿತು ನಾನು ನುಡಿಸಿದ್ದನ್ನು ಕೇಳಿದಳು. ತೊಡೆಯ ಮೇಲೆ ತಾಳ ಹಾಕಿದಳು. ಕೊನೆಗೆ ಎಲೆಯಡಿಕೆ ಉಗಿದು ಬಂದು, "ಆತು, ನೀ ಬಾರ್ಸು, ನಾ ಹಾಡ್ತೀನಿ. ಈ ಸಲಾನೂ ಬೀಗರು ಬಾಯಿ ತೆಗೀಲಿಲ್ಲ ಅಂದ್ರ ಆಮ್ಯಾಲೆ ನನ್ನ ಕರೀಬ್ಯಾಡ" ಎಂದಳು. ನಾನು ಕುಣಿಯುತ್ತಾ ಮನೆಗೆ ಬಂದೆ.

ನನ್ನ ತಮ್ಮ ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶದಲ್ಲಿ ಕಬ್ಬಿಣದ ಸಾಮಾನಿಗೆ ಪೌಡರ್ ಕೋಟಿಂಗ್ ಮಾಡುವ ಸಣ್ಣ ಘಟಕ ಇಟ್ಟುಕೊಂಡಿದ್ದಾನೆ. ಗೇಟು, ಕುರ್ಚಿ, ಪಂಪಿನ ಮುಚ್ಚಳ ಯಾವುದೇ ಬರಲಿ, ಬಣ್ಣದ ಪುಡಿ ಎರಚಿ ಒಲೆಗೆ ಹಾಕಿ ಥಳಥಳ ಹೊಳೆಯಿಸಿ ಕಳಿಸುತ್ತಾನೆ. ಅವನ ದೃಷ್ಟಿಯಲ್ಲಿ ಲೋಕದ ಯಾವ ವಸ್ತುವೂ ಮೇಲೊಂದು ಕೋಟ್ ಬೀಳುವ ತನಕ ಪೂರ್ತಿಯಾಗುವುದಿಲ್ಲ. ನನ್ನ ಬೋಳು ಗಿಟಾರನ್ನು ಕಂಡು ಅವನಿಗೆ ಸಂಕಟವಾದದ್ದು ಸಹಜ.

"ಅಕ್ಕ, ಸೌಂಡು ಸಪ್ಪಗೈತೆ. ಪೆಡಲ್ ಇಲ್ದೆ ಇದನ್ನ ಮಂಟಪದಾಗ ಹೆಂಗೆ ಬಾರ್ಸ್ತಿ? ಗುತ್ತೂರೋರ ಮುಂದ ನಾವು ಕಡಿಮಿ ಆಗ್ಬಾರ್ದು."

"ಸಪ್ಪಗಿಲ್ಲಪ್ಪ, ಅದು ಮರದ ದನಿ."

"ಮರಕ್ಕೂ ಪಾಲಿಶ್ ಹಾಕ್ತಾರಲ್ಲ."

ಇವನ ಜೊತೆ ವಾದ ಮಾಡಿ ಗೆದ್ದವರಿಲ್ಲ. ಆರ್ಕೆಸ್ಟ್ರಾದಲ್ಲಿ ನುಡಿಸುವ ಗೆಳೆಯನಿಂದ ಮೂರು ಪೆಡಲ್ ಕೇಳಿ ತಂದ. ಕಾಲಿನಿಂದ ಒತ್ತುವ ಪುಟ್ಟ ಪೆಟ್ಟಿಗೆಗಳು. ಗಿಟಾರಿಗೂ ಆಂಪಿಗೂ ನಡುವೆ ಸೇರಿಸಿದರೆ ಒಂದು ದನಿಯನ್ನು ಒರಟು ಮಾಡುತ್ತದೆ, ಇನ್ನೊಂದು ನುಡಿಸಿದ್ದನ್ನೇ ಮತ್ತೆ ಮತ್ತೆ ಹೇಳುತ್ತದೆ, ಮೂರನೆಯದು ದೊಡ್ಡ ಗುಡಿಯೊಳಗೆ ನುಡಿಸಿದಂತೆ ದನಿಯನ್ನು ಹರಡುತ್ತದೆ. ಬರೀ ತಂದಿದ್ದರೆ ಬೇಡವೆನ್ನುವುದು ಸುಲಭವಿತ್ತು. ಆದರೆ ಅವನು ಅವುಗಳನ್ನು ಕೂರಿಸಲು ಒಂದು ಕಬ್ಬಿಣದ ತಟ್ಟೆ ಮಾಡಿಸಿ, ಮಗಳ ಧಾರೆ ಸೀರೆಯ ಬಣ್ಣಕ್ಕೆ ಸರಿಹೊಂದುವ ನವಿಲು ನೀಲಿಯನ್ನು ತಾನೇ ನಿಂತು ಕೋಟ್ ಮಾಡಿ ತಂದಿದ್ದ. ಮದುವೆ ಮನೆಯ ಸಾವಿರ ಕೆಲಸದ ನಡುವೆ ಅಕ್ಕನ ಗಿಟಾರಿಗೆಂದು ಬಣ್ಣ ಹೊಂದಿಸಿದ ತಮ್ಮನಿಗೆ ಬೇಡ ಎನ್ನಲು ನನ್ನ ನಾಲಿಗೆ ಏಳಲಿಲ್ಲ.

ಮರುದಿನ ಮಧ್ಯಾಹ್ನ ಎಲ್ಲವನ್ನೂ ಹೊತ್ತುಕೊಂಡು ಆನೆಕೊಂಡಕ್ಕೆ ಹೋದೆವು. ಮೊದಲು ಒರಟು ಪೆಟ್ಟಿಗೆ ಒತ್ತಿದೆ. ದೊಡ್ಡಮ್ಮ ಅಡುಗೆಮನೆಯ ಕಡೆ ತಿರುಗಿ, "ಯಾರವ್ವ ಅದು, ಈಗ ಮಿಕ್ಸಿ ಹಚ್ಚಿದೋರು?" ಎಂದಳು. ಅದು ಅಲ್ಲಿಗೆ ಮುಗಿಯಿತು.

ಆಮೇಲೆ ಹೇಳಿದ್ದನ್ನೇ ಹೇಳುವ ಪೆಟ್ಟಿಗೆ. ನಾನು ಒಂದು ಸಲ ತಂತಿ ಮೀಟಿದರೆ ಅದು ನಾಲ್ಕು ಸಲ ಮೀಟುತ್ತಿತ್ತು. ದೊಡ್ಡಮ್ಮ ಹಾಡಲು ಬಾಯಿ ತೆಗೆದವಳು ಕೈ ಎತ್ತಿ ನಿಂತೇಬಿಟ್ಟಳು.

"ಹಾಡ್ರಿ ದೊಡ್ಡಮ್ಮ, ಯಾಕ ನಿಂತ್ರಿ?"

"ಅದು ಇನ್ನೂ ಹೇಳ್ತಾ ಐತಲ್ಲವ್ವ. ಮುಗಿಸ್ಲಿ ತಡಿ. ಇಬ್ರೂ ಒಟ್ಟಿಗೆ ಮಾತಾಡಿದ್ರೆ ಬೀಗರಿಗೆ ಏನು ತಿಳಿಬೇಕು?"

ತಮ್ಮನಿಗೂ ನಗು ಬಂತು. ಅದೂ ಹೋಯಿತು.

ಮೂರನೆಯದನ್ನು ಒತ್ತಿದಾಗ ಮಾತ್ರ ನಾನು ಸೋತೆ. ಆ ಪುಟ್ಟ ಪಡಸಾಲೆಯಲ್ಲಿ ನನ್ನ ಗಿಟಾರು ಅಗಲವಾಗಿ, ತಂಪಾಗಿ ಹರಡಿಕೊಂಡಿತು. ನನ್ನ ಕೈ ಇಷ್ಟು ಚೆನ್ನಾಗಿದೆಯೆಂದು ನನಗೇ ಗೊತ್ತಿರಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳು ಎಂಬ ಗಾದೆ ಇದೆಯಲ್ಲ, ನಾನು ಅದಕ್ಕೆ ಉಲ್ಟಾ. ನೆಲ ನುಣುಪಾದದ್ದೇ ತಡ, ಕುಣಿಯುವುದು ನನಗೆ ಬಹಳ ಚೆನ್ನಾಗಿ ಬರುತ್ತದೆ ಎಂದು ನಂಬಿಬಿಟ್ಟೆ. ದೊಡ್ಡಮ್ಮ ತಲೆಯಾಡಿಸಿ, "ಚೆಂದ ಐತೆ. ಗುಡ್ಯಾಗ ಭಜನಿ ಮಾಡಿದಂಗೈತೆ. ಆದ್ರ ನಾ ಬೈಯೋದು ಊಟದ ಮನ್ಯಾಗ" ಎಂದಳು. ನಾನು ಮೊದಲ ಮಾತನ್ನಷ್ಟೇ ಕಿವಿಗೆ ಹಾಕಿಕೊಂಡೆ. ಒಂದು ಪೆಡಲ್ ಇರಲಿ ಎಂದು ತೀರ್ಮಾನವಾಯಿತು. ತಮ್ಮನ ಮುಖ ಅರಳಿತು.

ಮದುವೆಯ ದಿನ ಬಂತು. ಧಾರೆ ಸಾಂಗವಾಗಿ ಮುಗಿಯಿತು. ಬೀಗರ ಪಂಕ್ತಿಗೆ ಎಲೆ ಹಾಕುವಾಗ ತಮ್ಮ ಊಟದ ಹಾಲಿನ ಮೂಲೆಯಲ್ಲಿ ಒಂದು ಸಣ್ಣ ವೇದಿಕೆ, ಎರಡು ಸ್ಪೀಕರು, ದೊಡ್ಡಮ್ಮನಿಗೊಂದು ಮೈಕು ಎಲ್ಲ ಸಿದ್ಧ ಮಾಡಿಸಿದ್ದ. ನವಿಲು ನೀಲಿ ತಟ್ಟೆಯ ಮೇಲೆ ಪೆಡಲ್ ದೇವರಂತೆ ಕುಳಿತಿತ್ತು. ಹಾಡುವವಳನ್ನು ಬೀಗರ ಎಲೆಯಿಂದ ಅಷ್ಟು ದೂರ ನಿಲ್ಲಿಸಿದ್ದು ಸರಿಯೇ ಎಂದು ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಕಾರ್ಯಕ್ರಮ ಎಂದ ಮೇಲೆ ವೇದಿಕೆ ಇರಬೇಕಲ್ಲವೇ?

ಇನ್ನೊಂದು ಮಾತನ್ನೂ ನಾನು ಮರೆತಿದ್ದೆ. ನಮ್ಮ ಸೀಮೆಯಲ್ಲಿ ಸೌಂಡ್ ಸೆಟ್ ಹಾಕುವವರು ಎಲ್ಲದಕ್ಕೂ ಎಕೋ ಹಾಕುತ್ತಾರೆ. ಮಂತ್ರಕ್ಕೂ ಎಕೋ, ಭಾಷಣಕ್ಕೂ ಎಕೋ. ಬೆಳಿಗ್ಗೆ ಯಾರದೋ ಕಾರು ಬಾಗಿಲಿಗೆ ಅಡ್ಡ ನಿಂತಿದೆ ತೆಗೀರಿ ಎಂದು ಕೂಗಿದ್ದು ಸಹ ಆಕಾಶವಾಣಿಯಂತೆ ಮಂಟಪದಲ್ಲೆಲ್ಲ ಮೂರು ಸಲ ಮೊಳಗಿತ್ತು. ಅದನ್ನು ಕೇಳಿಯೂ ನನಗೆ ಬುದ್ಧಿ ಬರಲಿಲ್ಲ.

ನಾನು ತಂತಿ ಮೀಟಿದೆ. ಪೆಡಲ್ಲಿನ ಗುಡಿಯ ಮೇಲೆ ಸೌಂಡಿನವನ ಗುಡಿ, ಅದರ ಮೇಲೆ ಆ ಹಾಲಿನ ಬರಿಗೋಡೆಯ ಗುಡಿ. ಅದರೊಳಗೆ ದೊಡ್ಡಮ್ಮ ಮೊದಲ ನುಡಿ ಹಾಡಿದಳು. ಏನು ಹಾಡಿದಳೆಂದು ಪಕ್ಕದಲ್ಲಿದ್ದ ನನಗೇ ತಿಳಿಯಲಿಲ್ಲ. ಗುತ್ತೂರಿನವರು ಒಮ್ಮೆ ತಲೆ ಎತ್ತಿ ನೋಡಿ, ಏನೋ ದೇವರ ಹಾಡಿರಬೇಕೆಂದು ಭಕ್ತಿಯಿಂದ ಹೋಳಿಗೆಗೆ ತುಪ್ಪ ಹಾಕಿಸಿಕೊಂಡರು. ಒಂದಿಬ್ಬರು ಕೈಮುಗಿದರು ಕೂಡ. ಬೈಸಿಕೊಂಡವರು ಕೈಮುಗಿದರೆ ಬೈದವಳು ಎಲ್ಲಿಗೆ ಹೋಗಬೇಕು? ದೊಡ್ಡಮ್ಮ ನನ್ನ ಕಡೆ ನೋಡಲಿಲ್ಲ. ಮೈಕನ್ನು ನಿಧಾನವಾಗಿ ಕೆಳಗಿಟ್ಟು, ಸೊಂಟಕ್ಕೆ ಸಿಕ್ಕಿಸಿದ್ದ ಎಲೆಯಡಿಕೆಯ ಚೀಲಕ್ಕೆ ಕೈ ಹಾಕಿದಳು.

ಆ ಚೀಲ ನೋಡಿದ್ದೇ ನನಗೆ ಪಿತ್ತ ನೆತ್ತಿಗೇರಿತು. ಎಲೆಯಡಿಕೆ ಬಾಯಿಗೆ ಹೋದರೆ ಮುಗಿಯಿತು, ಇನ್ನು ಅವಳು ಜೀವಮಾನದಲ್ಲಿ ಹಾಡುವುದಿಲ್ಲ. ಸೌಂಡಿನವನ ಹತ್ತಿರ ಓಡಿದೆ.

"ಎಕೋ ತೆಗೀರಿ!"

"ಎಕೋ ತೆಗೆದ್ರೆ ಸತ್ತಂಗೆ ಕೇಳ್ತೈತ್ರಿ ಮೇಡಂ. ನಮ್ಮ ಸೆಟ್ಟಿಗೆ ಹೆಸರು ಬಂದಿದ್ದೇ ಎಕೋದಿಂದ."

ಅವನೊಡನೆ ಜಗಳವಾಡುವಷ್ಟು ಹೊತ್ತಿರಲಿಲ್ಲ. ವಾಪಸ್ಸು ಬಂದವಳೇ ಗಿಟಾರಿನ ಕೇಬಲ್ಲನ್ನು ಕಿತ್ತೆ. ಪೆಡಲ್ ಬೇಕೋ ಬೇಡವೋ ಎಂದು ಇಷ್ಟು ದಿನ ತಲೆ ಕೆಡಿಸಿಕೊಂಡವಳು ಆ ಗಳಿಗೆಯಲ್ಲಿ ಪೆಡಲ್ಲನ್ನಷ್ಟೇ ಅಲ್ಲ, ಆಂಪನ್ನೂ ಬಿಟ್ಟೆ. ಕೇಳಬೇಕಾದದ್ದು ದೊಡ್ಡಮ್ಮನ ಮಾತು, ನಾವು ಅಲಂಕಾರ ಮಾಡುತ್ತಿದ್ದದ್ದು ನನ್ನ ಗಿಟಾರಿಗೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ!

"ಏನ್ ಮಾಡ್ತಿದಿಯಕ್ಕ?" ತಮ್ಮ ಓಡಿ ಬಂದ.

"ಕೋಟ್ ಕೆರೀತಿದೀನಿ. ಆ ಸೌಂಡು ಬಂದ್ ಮಾಡ್ಸು, ಹೋಗು" ಎಂದು ಮಗಳ ಮದುವೆಯ ದಿನ, ರೇಷ್ಮೆ ಪಂಚೆಯಲ್ಲಿದ್ದ ಅವನಿಗೆ ಎಲ್ಲರೆದುರು ಗದರಿದೆ. ಅವನು ಒಂದು ಗಳಿಗೆ ತನ್ನ ನವಿಲು ನೀಲಿ ತಟ್ಟೆಯನ್ನು ನೋಡಿದ. ಆಮೇಲೆ ಹೋಗಿ ತಾನೇ ಸೌಂಡಿನ ಸ್ವಿಚ್ಚು ತೆಗೆದ. ಆ ಹೆಗ್ಗಳಿಕೆ ಅವನದು, ಅದನ್ನು ನಾನು ಕಿತ್ತುಕೊಳ್ಳುವುದಿಲ್ಲ.

ನಾನು ದೊಡ್ಡಮ್ಮನ ಕೈ ಹಿಡಿದೆ. "ಬರ್ರಿ, ಪಂಕ್ತಿಯೊಳಗೆ ಹೋಗಿ ನಿಂತು ಬೈಯೋಣ." ಅವಳು ಅನುಮಾನದಿಂದ ನೋಡಿದಳು. ಎಲೆಯಡಿಕೆ ಇನ್ನೂ ಕೈಯಲ್ಲಿತ್ತು. ನಾನು ಎಳೆದುಕೊಂಡೇ ಹೋದೆ. ಎರಡು ಸಾಲು ಎಲೆಗಳ ನಡುವೆ, ಬಡಿಸುವವರು ಓಡಾಡುವ ಜಾಗದಲ್ಲಿ, ಗಂಡಿನ ತಂದೆಯ ನೇರ ಎದುರಿಗೆ ನಿಂತೆವು. ನಾನು ಬರಿ ಮರದ ಗಿಟಾರನ್ನು ಎದೆಗೆ ಒತ್ತಿ ಹಿಡಿದು ಮೀಟಿದೆ. ದನಿ ಅಕ್ಕಪಕ್ಕದ ನಾಲ್ಕು ಎಲೆಗೆ ಕೇಳುವಷ್ಟಿತ್ತು. ದೊಡ್ಡಮ್ಮ ಗಂಡಿನ ತಂದೆಯನ್ನು ಅಡಿಯಿಂದ ಮುಡಿಯವರೆಗೆ ಅಳೆದಳು. ಎಲೆಯಡಿಕೆಯನ್ನು ಚೀಲಕ್ಕೆ ಹಾಕಿದಳು.

"ಗುತ್ತೂರ ಬೀಗರು ಗತ್ತೀಲೆ ಬಂದಾರ
ಬುತ್ತಿ ತಂದಾರಂತ ಬಿಚ್ಚೀರಿ ನೋಡೋಣ
ಬುತ್ತ್ಯಾಗ ಬರಿಯ ನೀರುಳ್ಳಿ"

ಒಂದೊಂದು ಮಾತೂ ಎಲೆಯ ಮೇಲೆ ಉಪ್ಪು ಬಡಿಸಿದಂತೆ ಬಿತ್ತು. ಪಕ್ಕದ ಎಲೆಯವನು ಕಿಸಕ್ಕನೆ ನಕ್ಕ. ಅವನ ಆಚೆಯವಳು ಏನಂದ್ರು ಏನಂದ್ರು ಎಂದು ಕೇಳಿದಳು. ಅವನು ಹೇಳಿದ. ಸಾಲಿನುದ್ದಕ್ಕೂ ಮಾತು ಹೋಯಿತು, ಅದರ ಹಿಂದೆಯೇ ನಗೆ ಹೋಯಿತು, ನಗೆ ಹೋದ ಮೇಲೆ ಹಾಲೆಲ್ಲ ತಾನಾಗಿ ಸುಮ್ಮನಾಯಿತು. ಮುಂದಿನ ನುಡಿ ಏನೆಂದು ಎಲ್ಲರಿಗೂ ಕೇಳಬೇಕಿತ್ತು.

"ಬೀಗರ ಹೊಟ್ಟೀಗೆ ಬಾಗಿಲು ಇಲ್ಲವ್ವ
ಹೋದ ಹೋಳಿಗಿ ಒಂದು ತಿರುಗಿ ಬರಲಿಲ್ಲ
ತುಪ್ಪದ ತಂಬಿಗಿ ಬಚ್ಚೀಡ್ರಿ"

ಗಂಡಿನ ತಂದೆಗೆ ನಗುವಿನಲ್ಲಿ ಬಿಕ್ಕಳಿಕೆ ಬಂತು. ಆದರೆ ನಕ್ಕರೆ ಸಾಲದು, ತಿರುಗಿ ಬೈಯಬೇಕು. ದೊಡ್ಡಮ್ಮ ಸೊಂಟದ ಮೇಲೆ ಕೈಯಿಟ್ಟು ಕಾದಳು. ನಾನು ಮೆಲ್ಲಗೆ ಮೀಟುತ್ತಲೇ ಇದ್ದೆ. ಯಾರೂ ಏಳಲಿಲ್ಲ. ನೀರು ಕುಡಿದರು, ಒಬ್ಬರ ಮುಖ ಒಬ್ಬರು ನೋಡಿದರು.

ಆಗ ಎದುರು ಸಾಲಿನ ತುದಿಯಲ್ಲಿ ಒಬ್ಬ ಮುದುಕಿ ಎಡಗೈಯನ್ನು ನೆಲಕ್ಕೂರಿ ಎದ್ದಳು. ಗಂಡಿನ ಅಜ್ಜಿ. ಬಲಗೈಗೆ ಅನ್ನ ಮೆತ್ತಿಕೊಂಡೇ ಇತ್ತು. ನಮ್ಮನ್ನು ನೋಡಿದಳು, ನನ್ನ ಗಿಟಾರನ್ನು ನೋಡಿದಳು. ಒಡೆದ ದನಿಯಲ್ಲಿ, ನನ್ನ ಮೀಟಿಗೆ ಸರಿಯಾಗಿ ಎತ್ತಿಕೊಂಡಳು:

"ದೊಡ್ಡೂರ ಬೀಗತಿ ವಾಲಗ ತರಲಿಲ್ಲ
ತಂತಿಯ ಕಟ್ಟಿದ ಡಬ್ಬಿಯ ತಂದಾಳ
ಡಬ್ಬೀಗು ಬಂತು ನಾಚೀಕಿ"

ಪಂಕ್ತಿಯೆಲ್ಲ ಹೋ ಎಂದಿತು. ದೊಡ್ಡಮ್ಮ ನನ್ನ ತೋಳನ್ನು ಎಷ್ಟು ಜೋರಾಗಿ ಹಿಡಿದಳೆಂದರೆ ತಾಳ ತಪ್ಪಿತು. "ಬೈದ್ರು ನೋಡವ್ವ! ನಿನ್ನ ಡಬ್ಬೀನ ಬೈದ್ರು!" ಎಂದಳು. ಅವಳ ಕಣ್ಣಲ್ಲಿ ನೀರಿತ್ತು. ನನ್ನ ಕಣ್ಣಲ್ಲೂ ಇತ್ತು. ನನ್ನ ಗಿಟಾರಿನ ಬಗ್ಗೆ ಅನೇಕರು ಅನೇಕ ಸಲ ಚೆನ್ನಾಗಿದೆ ಎಂದಿದ್ದಾರೆ. ಅದನ್ನು ಹಾಡಿನಲ್ಲಿ ಬೈದವಳು ಆ ಅಜ್ಜಿಯೊಬ್ಬಳೇ, ಅವತ್ತಿನಷ್ಟು ಹೆಮ್ಮೆ ನನಗೆ ಮತ್ತೆಂದೂ ಆಗಿಲ್ಲ. ಆಮೇಲೆ ಇಬ್ಬರು ಮುದುಕಿಯರೂ ಮಜ್ಜಿಗೆ ಬಡಿಸುವ ತನಕ ಬಿಟ್ಟೂಬಿಡದೆ ಬೈದಾಡಿದರು. ನನ್ನ ಬೆರಳು ಉರಿಯುತ್ತಿದ್ದರೂ ನಾನು ನಿಲ್ಲಿಸಲಿಲ್ಲ.

ಸಂಜೆ ದಾವಣಗೆರೆಗೆ ಹೊರಟಾಗ ತಮ್ಮ ಪೆಡಲ್ಲನ್ನು ಬಿಚ್ಚಿ ಚೀಲಕ್ಕೆ ಹಾಕಿದ. ನವಿಲು ನೀಲಿ ತಟ್ಟೆಯನ್ನು ಏನು ಮಾಡುವುದೆಂದು ಕೈಯಲ್ಲಿ ಹಿಡಿದು ನಿಂತಿದ್ದ. ಕಾರಿನೊಳಗೆ ಕುಳಿತಿದ್ದ ದೊಡ್ಡಮ್ಮ ಕಿಟಕಿಯಿಂದ ಕೈ ಚಾಚಿ ಅದನ್ನು ಇಸಿದುಕೊಂಡು, ತೊಡೆಯ ಮೇಲಿಟ್ಟು, ಎಲೆ, ಅಡಿಕೆ, ಸುಣ್ಣದ ಡಬ್ಬಿಯನ್ನು ಅದರ ಮೇಲೆ ಹರಡಿಕೊಂಡಳು. "ಇದು ನನಗಿರ್ಲಿ. ಭಾಳ ಚೆಂದ ಕೋಟ್ ಮಾಡೀಯಪ್ಪ" ಎಂದಳು. ತಮ್ಮ ನಕ್ಕ.

ಅವಳು ಒಂದು ಎಲೆಗೆ ಸುಣ್ಣ ಹಚ್ಚಿದಳು. ಬಾಯಿಗೆ ಹಾಕಿಕೊಳ್ಳುವ ಮೊದಲು ನನ್ನ ಕಡೆ ತಿರುಗಿ ಕೇಳಿದಳು: "ಮುಂದಿನ ಮದುವಿ ಯಾವಾಗ?"