ಹೊಟ್ಟೆ ತಾಗದ ಹಿಮಬಂಡೆ

ನಮ್ಮ ಕಡೆ ದಾರಿಯಲ್ಲಿ ಜೀಪು ನಿಂತಿದ್ದರೆ ಮೊದಲು ಕೇಳುವುದು, "ಹೊಟ್ಟೆ ತಾಗಿತಾ?" ಎಂದು. ಚಕ್ರದ ಜಾಡುಗಳ ನಡುವಿನ ದಿಬ್ಬದ ಮೇಲೆ ಜೀಪಿನ ಅಡಿಭಾಗ ಕೂತುಬಿಟ್ಟರೆ ಚಕ್ರ ಎಷ್ಟು ತಿರುಗಿದರೂ ಗಾಡಿ ಅಲ್ಲಾಡುವುದಿಲ್ಲ. ಕಳಸದ ಸುತ್ತಮುತ್ತಲಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅದಕ್ಕೇ ಇರಬೇಕು, ದಕ್ಷಿಣ ಧ್ರುವದ ಕಡೆ ದೊಡ್ಡ ಹಿಮಬಂಡೆಯೊಂದು ಸಮುದ್ರದೊಳಗಿನ ಬೆಟ್ಟದ ಮೇಲೆ ತಿಂಗಳುಗಟ್ಟಲೆ ಸಿಕ್ಕಿಕೊಂಡು ನಿಂತಲ್ಲೇ ಸುತ್ತುತ್ತಿದೆ ಎಂಬ ಸುದ್ದಿಯನ್ನು ಎಂಟನೇ ತರಗತಿಗೆ ಹೇಳುವಾಗ ನಾನು ಯೋಚಿಸದೆ ಅಂದುಬಿಟ್ಟೆ: "ಬೆಟ್ಟಕ್ಕೆ ಹೊಟ್ಟೆ ತಾಗಿದೆ, ಅಷ್ಟೇ." ಬೋರ್ಡಿನ ಮೇಲೆ ಚಿತ್ರವನ್ನೂ ಬರೆದೆ.

ವರ್ಷವಿಡೀ ಬಾಯಿ ಬಿಡದ ಹುಡುಗಿಯೊಬ್ಬಳು ಕೈ ಎತ್ತಿದಳು. ಅವಳಪ್ಪ ಬಾಡಿಗೆ ಜೀಪು ಓಡಿಸುತ್ತಾರೆ.

"ಟೀಚರ್, ಹೊಟ್ಟೆ ತಾಗಿದ್ರೆ ಸುತ್ತೋದು ಹೇಗೆ? ನಮ್ಮಪ್ಪನ ಜೀಪು ಸುತ್ತಲ್ಲ."

ತರಗತಿಯೆಲ್ಲ ಗೊಳ್ಳೆಂದಿತು. ಅವಳು ತಲೆ ತಗ್ಗಿಸಿದಳು. "ನಾಳೆ ಹೇಳ್ತೀನಿ" ಅಂದೆ. ಹಾಗಂದು ಮರೆತ ಪ್ರಶ್ನೆಗಳು ನನ್ನಲ್ಲಿ ಬೇಕಾದಷ್ಟಿವೆ. ಇದನ್ನೂ ಮರೆತರೆ ಈ ಹುಡುಗಿ ಇನ್ನೊಮ್ಮೆ ಕೈ ಎತ್ತುವುದಿಲ್ಲ ಅನ್ನಿಸಿತು.

ಮನೆಗೆ ಬಂದು ಕಾಫಿ ಆರುವವರೆಗೂ ಓದಿದೆ. ತಪ್ಪು ನನ್ನದೇ. ಆ ಬಂಡೆ ದಶಕಗಳ ಕಾಲ ಸಮುದ್ರದ ತಳಕ್ಕೆ ತಾಗಿ ನಿಂತಿದ್ದು ನಿಜ, ಆದರೆ ಅದು ಹಳೆಯ ಕಥೆ. ಈಗ ತೇಲುತ್ತಲೇ ಸಿಕ್ಕಿಬಿದ್ದಿದೆ. ಭೂಮಿಯೇ ತಿರುಗುತ್ತಿರುವುದರಿಂದ, ತಳದ ಬೆಟ್ಟಕ್ಕೆ ಬಂದು ಬಡಿದ ಪ್ರವಾಹ ಅದನ್ನು ಸುಮ್ಮನೆ ಹತ್ತಿಳಿಯದೆ ಸುತ್ತುವರಿದು ಹೋಗುತ್ತದೆ. ಬೆಟ್ಟದ ನೆತ್ತಿಯ ಮೇಲಿನ ನೀರು ಕಂಬದ ಹಾಗೆ ಅಲ್ಲೇ ಉಳಿದು ಸುತ್ತುತ್ತದೆ. ಬಂಡೆ ಆ ಕಂಬದೊಳಗೆ ಸೆರೆ.

ಇದನ್ನು ತೋರಿಸಲು ತಿರುಗುವ ಪಾತ್ರೆ ಬೇಕು. ನನ್ನ ಕಣ್ಣು ಕಪಾಟಿನ ಮೇಲಿದ್ದ ರೆಕಾರ್ಡ್ ಪ್ಲೇಯರ್ ಮೇಲೆ ಬಿತ್ತು.

"ಮಾರಾಯ್ತಿ, ಅದು ನಮ್ಮ ಅಪ್ಪಯ್ಯಂದು. ಅದ್ರ ಮೇಲೆ ನೀರಿಡ್ತೀಯಾ?" ಎಂದರು ನಮ್ಮನೆಯವರು.

"ಅದು ಹಾಡು ಹೇಳಿ ಎಷ್ಟು ವರ್ಷ ಆಯ್ತು ಹೇಳಿ?"

"ಇನ್ಮೇಲೆ ಈಜು ಕಲೀಲಿ ಬಿಡು" ಎಂದು ಗೊಣಗುತ್ತಲೇ ಇಳಿಸಿಕೊಟ್ಟರು.

ಬೋಗುಣಿಯ ತಳಕ್ಕೆ, ನಡುವಿನಿಂದ ಕೊಂಚ ಆಚೆ, ಹಲಸಿನ ಮೇಣದಿಂದ ಸಣ್ಣ ಮುಚ್ಚಳ ಅಂಟಿಸಿದೆ. ಅದೇ ಬೆಟ್ಟ.

ಮರುದಿನ ತರಗತಿಯಲ್ಲಿ ಪ್ಲೇಯರ್ ಹಚ್ಚಿ, ಬೋಗುಣಿಯ ನೀರೆಲ್ಲ ಒಂದೇ ಸಮ ತಿರುಗುವ ತನಕ ಕಾದೆವು. ಮುಚ್ಚಳದ ನೇರಕ್ಕೂ ಅದರ ಸುತ್ತಲೂ ಆ ಹುಡುಗಿಯ ಕೈಯಿಂದಲೇ ನೀಲಿ ಶಾಯಿ ಹನಿಸಿ, ಪ್ಲೇಯರಿನ ತಟ್ಟೆಯ ಅಂಚಿಗೆ ಬೆರಳು ತಾಗಿಸಿ ವೇಗವನ್ನು ಕೊಂಚ ತಗ್ಗಿಸಿದೆ. ಸುತ್ತಲಿನ ಶಾಯಿ ಮುಂದೆ ಹರಿಯಿತು. ಮುಚ್ಚಳದ ಮೇಲಿನದು ಮಾತ್ರ ನೀಲಿ ಕಂಬವಾಗಿ ಮುಚ್ಚಳವನ್ನು ಬಿಟ್ಟು ಕದಲಲಿಲ್ಲ.

"ತಾಗಿಲ್ಲ ಟೀಚರ್!"

"ತಾಗಿಲ್ಲ ಮಾರಾಯ್ತಿ. ನಿನ್ನೆ ನಾನು ಹೇಳಿದ್ದು ತಪ್ಪು" ಎಂದು ಬೋರ್ಡಿನ ಚಿತ್ರ ಒರೆಸಿದೆ.

ಒರೆಸಿ ತಿರುಗುವಷ್ಟರಲ್ಲಿ ಅವಳ ಕೈ ಮತ್ತೆ ಮೇಲಿತ್ತು. "ಜೀಪಾದ್ರೆ ನಾಲ್ಕು ಜನ ಕರ್ದು ತಳ್ಳಿಸ್ತಾರೆ. ಇದನ್ನ ತಳ್ಳೋರು ಯಾರು?"

"ನಾಳೆ ಹೇಳ್ತೀನಿ" ಅಂದೆ, ಈ ಸಲ ಖುಷಿಯಿಂದ.