ಹಂಗಳದಲ್ಲಿ ಬಿಚ್ಚಿದ ನಕ್ಷೆ

ಊಟಿ ದಾರಿಯಲ್ಲಿ, ಹಂಗಳದ ಟೀ ಅಂಗಡಿಯ ಬೆಂಚಿನ ಮೇಲೆ ನಾನು ನಕ್ಷೆ ಬಿಚ್ಚಿದ್ದೇ ತಪ್ಪಾಯಿತು. ಮಧ್ಯ ಏಷ್ಯಾದ ಮರುಭೂಮಿಯಲ್ಲಿ ಹಿಂದೆ ವ್ಯಾಪಾರಿಗಳು ಒಂಟೆ ನಡೆಸುತ್ತಿದ್ದ ದಾರಿಯ ನಕ್ಷೆ ಅದು. ಉದ್ದಕ್ಕೂ ಅವರು ರಾತ್ರಿ ತಂಗುತ್ತಿದ್ದ, ಈಗ ಮಣ್ಣಿನಡಿ ಹೂತುಹೋದ ಬೌದ್ಧ ವಿಹಾರಗಳನ್ನು ಉಪಗ್ರಹ ಚಿತ್ರದಲ್ಲಿ ಹುಡುಕಿ ಕೆಂಪು ಚುಕ್ಕಿ ಇಡುವುದು ನನ್ನ ಕೆಲಸ.

"ಯಾರ್ಲಾ ನೀನು? ನಿಧಿ ಅಗಿಯಕ್ ಬಂದಿದ್ದೀಯಾ?" ಎಂದು ಒಬ್ಬ ನಕ್ಷೆ ಕಿತ್ತುಕೊಂಡ. ಹೋದ ವಾರವಷ್ಟೇ ಯಾರೋ ಊರಾಚೆಯ ಗುಡಿಯ ಬಸವನನ್ನು ಕಿತ್ತು, ಅಡಿಯಲ್ಲಿ ಗುಂಡಿ ತೋಡಿ ಹೋಗಿದ್ದರಂತೆ. ನೋಡುನೋಡುತ್ತಲೇ ಹತ್ತು ಜನ ಸೇರಿದರು. ನನ್ನ ಬೈಕಿನ ಕೀ ಇನ್ನೊಬ್ಬನ ಮುಷ್ಟಿಯಲ್ಲಿತ್ತು. ಇದು ಹಿಮಾಲಯದಾಚೆಯ ಒಂಟೆ ದಾರಿ, ಚುಕ್ಕಿಗಳು ಹಿಂದೆ ವ್ಯಾಪಾರಿಗಳು ತಂಗುತ್ತಿದ್ದ ಜಾಗ ಎಂದರೆ ಯಾರೂ ನಂಬಲಿಲ್ಲ.

"ಇಲ್ಲಿ ಕೊಡ್ಲಾ ಅದ್ನ," ಅಂದರು ಮೂಲೆಯಲ್ಲಿ ಟೀ ಹೀರುತ್ತಿದ್ದ ಮುದುಕರೊಬ್ಬರು. ಹೆಸರು ಬುಡೇನ್ ಸಾಹೇಬ್ ಅಂತೆ, ಕುರಿ ವ್ಯಾಪಾರಿ, ಸಂತೆಯಿಂದ ಸಂತೆಗೆ ಹಿಂಡು ನಡೆಸಿಯೇ ಹಣ್ಣಾದವರು. ಅವರ ಬೆರಳು ಚುಕ್ಕಿಯಿಂದ ಚುಕ್ಕಿಗೆ ನಿಧಾನವಾಗಿ ಸಾಗಿತು.

"ಒಂದರಿಂದ ಒಂದ್ಕೆ ಎಷ್ಟು ದೂರ?"

"ಒಂದು ದಿನದ ನಡಿಗೆ," ಎಂದೆ.

ಬೆರಳು ಒಂದು ಕಡೆ ನಿಂತಿತು. "ಇಲ್ಲಿ ಎರಡು ದಿನದ ದಾರಿ ಆಯ್ತದಲ್ಲಪ್ಪ. ನಡುವೆ ನೀರ್ ಕುಡ್ಸೋದು ಎಲ್ಲಿ?"

ಬಗ್ಗಿ ನೋಡಿದೆ. ಅಲ್ಲೊಂದು ಬತ್ತಿದ ಹೊಳೆ ದಾರಿಗೆ ಅಡ್ಡ ಹಾಯುತ್ತಿತ್ತು. ಮೂರು ವರ್ಷದಲ್ಲಿ ಒಮ್ಮೆಯೂ ನಾನು ಅದರ ದಡದಲ್ಲಿ ಹುಡುಕಿರಲಿಲ್ಲ.

ಸಾಹೇಬರು ನಕ್ಷೆ ಮಡಚಿ ನನ್ನ ಕೈಗಿಟ್ಟು, ಕೀ ಹಿಡಿದಿದ್ದವನತ್ತ ತಿರುಗಿದರು. "ಕೀ ಕೊಟ್ಬುಡ್ಲಾ. ಇವನು ನಿಧಿ ಕಳ್ಳ ಆಗಿದ್ರೆ ಇಂಥಾ ಜಾಗಕ್ಕೆ ಚುಕ್ಕಿ ಇಡ್ದೆ ಬುಡ್ತಿದ್ನಾ?"