ಲಿಂಗರಾಜು ಕೆಡವುವ ಮನೆಗಳು

ಜಪಾನಿನ ಇಜು ಓಶಿಮಾ ದ್ವೀಪದಲ್ಲಿ ಬೆಳಕು ಹರಿಯುತ್ತಿದೆ. ಮಿಹಾರಾ ಜ್ವಾಲಾಮುಖಿಯ ಕಪ್ಪು ಲಾವಾ ಬಯಲಿನಲ್ಲಿ ಲಿಂಗರಾಜು ಮಂಡಿಯೂರಿ ಕೂತು ಒಂದು ಮನೆ ಕೆಡವುತ್ತಿದ್ದಾರೆ. ಒಂದರ ಮೇಲೊಂದು ಪೇರಿಸಿದ ಕಲ್ಲುಗಳು, ಅದೇ ಮನೆ. ಒಂದು ಕಲ್ಲೆತ್ತಿ, ಕಲ್ಲುಹೂವು ಬೆಳೆದ ಮುಖ ಮೇಲೆ ಮಾಡಿ, ಬೇರು ಬಿಸಿಲಿಗೆ ಬಿದ್ದ ಗಿಡದ ಬುಡಕ್ಕೆ ಇಡುತ್ತಾರೆ. ಈ ಸುಟ್ಟ ನೆಲದಲ್ಲಿ ಮೊದಲು ಚಿಗುರುವ ಇತಾದೊರಿ ಗಿಡವದು. ಕಲ್ಲಿನ ಮರೆ ತಪ್ಪಿದರೆ ಕಡಲಗಾಳಿಗೆ ಕರಟಿಹೋಗುತ್ತದೆ. ಕನ್ನಡ ಪತ್ರಿಕೆಗೆ ಬರೆಯಲು ಬಂದ ನನಗೆ ಲಿಂಗರಾಜು ಹೇಳುತ್ತಾರೆ:

“ನಿನ್ನೆ ಬಂದಿದ್ದು ನಮ್ಮ ಕನ್ನಡದವ್ರೇ ಸಾರ್. ಟೋಕಿಯೋದ ಶಿನಾಗಾವಾ ಆಫೀಸಿನವ್ರು. ಬೆಟ್ಟದಲ್ಲಿ ಕಲ್ಲು ಜೋಡಿಸಿದ್ರೆ ಸ್ವಂತ ಮನೆ ಆಗತ್ತಲ್ಲ? ಇಲ್ಲೂ ಬೆಟ್ಟ ಇದೆ, ಕಲ್ಲಿದೆ. ಇನ್ನೇನು ಬೇಕು!”

ಜಪಾನಿನಲ್ಲಿ ಇದೇ ಕಲ್ಲಿಗೆ ಬೇರೆ ಅರ್ಥವಿದೆ. ಸತ್ತ ಮಕ್ಕಳು ಆಚೆ ಲೋಕದ ನದಿದಡದಲ್ಲಿ ಹೀಗೆ ಕಲ್ಲು ಪೇರಿಸುತ್ತಾ ಕೂರುತ್ತವೆ ಎಂಬ ನಂಬಿಕೆ. ಲಿಂಗರಾಜು ಜೊತೆ ಈ ಚಾರಣದ ಹಾದಿ ನೋಡಿಕೊಳ್ಳುವ ವೃದ್ಧೆ ಕಿನುಯೊ ಸಾನ್ ಮಗನನ್ನು ಕಳೆದುಕೊಂಡವರು. ಮೊದಲ ಗುಡ್ಡೆ ಕಂಡಾಗ ಅದರ ಮುಂದೆ ಕೈಮುಗಿದು ಕೂತುಬಿಟ್ಟರಂತೆ.

“ಯಾರ ಮಗು ಅಂತ ಕೇಳಿದ್ರು. ಮಗು ಅಲ್ಲಮ್ಮ, ನಮ್ಮವರ ಟೂ ಬಿಎಚ್‌ಕೆ ಅಂತ ಹೇಗೆ ಹೇಳ್ಲಿ? ಸುಮಿಮಾಸೆನ್, ಕ್ಷಮಿಸಿ ಅಂದೆ, ಅಷ್ಟೇ.”

ಕೇಳಿ ನನಗೆ ನಗು ಬಂತು. ಮರುಗಳಿಗೆ ನಾಚಿಕೆಯಾಯಿತು. ಎಲ್ಲಿಗೆ ಹೋದರೂ ಸೈಟು ಹುಡುಕುವ ಜನ ನಾವು. ಕಿನುಯೊ ಸಾನ್ ಕೈಮುಗಿದ ಆ ದಿನದಿಂದ ಲಿಂಗರಾಜು ಆಕೆಗಿಂತ ಮೊದಲೇ ಬೆಟ್ಟ ಹತ್ತುತ್ತಾರೆ.

ತುಮಕೂರಿನ ಇವರು ಕನಗಾವಾದ ಕಾರ್ಖಾನೆಯೊಂದಕ್ಕೆ ಫಿಟ್ಟರ್ ಆಗಿ ಬಂದವರು. ಅದು ಮುಚ್ಚಿದ ಮೇಲೆ ಸಿಕ್ಕಿದ್ದು ಈ ಕೆಲಸ. ಈಗ ಇದೂ ತೂಗುಯ್ಯಾಲೆಯಲ್ಲಿದೆ. ಕಲ್ಲು ಪೇರಿಸುವುದು ನಿಲ್ಲದಿದ್ದರೆ ಹಾದಿಯನ್ನೇ ಮುಚ್ಚುತ್ತೇವೆ ಎಂದಿದೆ ದ್ವೀಪದ ಉದ್ಯಾನ ಕಚೇರಿ. ಹಾದಿ ಮುಚ್ಚಿದರೆ ಕೆಲಸವೂ ಇಲ್ಲ. ಸೂಚನಾ ಫಲಕದಲ್ಲಿ ಜಪಾನಿ, ಇಂಗ್ಲಿಷ್ ಸಾಲುಗಳಿವೆ. ನಮ್ಮವರು ಅದರ ಪಕ್ಕದಲ್ಲೇ ಫೋಟೊ ತೆಗೆಸಿಕೊಂಡು ಕಲ್ಲು ಜೋಡಿಸುತ್ತಾರೆ. ‘ನಿಮ್ಮ ಭಾಷೆಯಲ್ಲೂ ಬರೆಯಿರಿ’ ಎಂದು ಕಚೇರಿಯವರು ಕೆಳಗೆ ಜಾಗ ಬಿಟ್ಟಿದ್ದಾರೆ. ಅದು ಇನ್ನೂ ಖಾಲಿಯಿದೆ.

“ಕನ್ನಡದಲ್ಲಿ ಬರೆದ್ರೆ ಏನದು, ಯಾಕೆ ಅಂತ ಕಿನುಯೊ ಸಾನ್ ಕೇಳೇ ಕೇಳ್ತಾರೆ. ಅವತ್ತು ಕೈಮುಗಿದಿದ್ದು ಯಾರದೋ ಮನೆ ಆಸೆಗೆ ಅಂತ ಗೊತ್ತಾದ್ರೆ ಆ ಜೀವ ತಡಕೊಳ್ಳಲ್ಲ. ಕೆಲಸ ಹೋದ್ರೂ ನಾನದನ್ನ ಬರೆಯಲ್ಲ.”

ತಿರುವಿನಲ್ಲಿ ಆಕೆಯ ಟೋಪಿ ಕಾಣಿಸುತ್ತದೆ. ಲಿಂಗರಾಜು ಕೊನೆಯ ಕಲ್ಲನ್ನು ಗಡಿಬಿಡಿಯಲ್ಲಿ ನೆಲಕ್ಕಿಟ್ಟು, ನನ್ನತ್ತ ಬಾಗಿ ತಗ್ಗಿದ ದನಿಯಲ್ಲಿ ಹೇಳುತ್ತಾರೆ:

“ನೀವೇ ಪೇಪರಲ್ಲಿ ಬರೀರಿ ಸಾರ್, ಇಲ್ಲಿ ಕಲ್ಲು ಜೋಡಿಸಬೇಡಿ ಅಂತ. ನಿಮ್ಮ ಪೇಪರ್ ಅವ್ರು ಓದಲ್ಲ.”